ಅಂಗಳದಲ್ಲಿ ನಿಂತ ರಾಣಿ

ನಾನು ಗದರಿದರೆ ನಮ್ಮ ಮನೆಯ ಬೆಕ್ಕೂ ಹಾಲಿನ ಪಾತ್ರೆ ಬಿಟ್ಟು ಓಡುತ್ತದೆ. ಇದು ಹುಟ್ಟಿನಿಂದ ಬಂದ ಗಂಟಲೆಂದು ಮೊಮ್ಮಕ್ಕಳು ನಂಬಿದ್ದಾರೆ. ಶುದ್ಧ ಸುಳ್ಳು. ಹದಿನಾಲ್ಕು ತುಂಬುವವರೆಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಐವತ್ತರ ದಶಕದ ಅರಕಲಗೂಡಿನಲ್ಲಿ ಹುಡುಗಿಯರು ರಂಗ ಹತ್ತುವುದುಂಟೆ? ಶಾಲೆಯ ನಾಟಕದ ರಾಣಿ ಪಾತ್ರ ನನ್ನ ತರಗತಿಯ ಸಿದ್ದನಿಗೆ ಬಂತು. ಹೆಣ್ಣಿನ ನಡಿಗೆ ಕಲಿತು ಬಾ ಎಂದು ಮೇಷ್ಟ್ರು ಅವನನ್ನು ನಮ್ಮ ಮನೆಗೆ ಕಳಿಸಿದರು. ಊರಾಚೆಯ ಕೇರಿಯವನೆಂದು ಅಜ್ಜಿ ಅಂಗಳದಲ್ಲೇ ನಿಲ್ಲಿಸಿದರು. ನಾನು ಜಗಲಿಯ ಮೇಲೆ ಓಡಾಡಬೇಕು, ಅವನು ಕೆಳಗಿನಿಂದ ನೋಡಬೇಕು. ನನಗೂ ಒಂದು ನಡಿಗೆಯಿದೆ ಎಂಬುದೇ ನನಗೆ ಹೊಸ ಸುದ್ದಿ. ಆ ಗಾಬರಿಗೆ ಹೆಜ್ಜೆಹೆಜ್ಜೆಗೂ ಎಡವಿದೆ.

ನಾಟಕದ ದಿನ ನನ್ನಮ್ಮ ಕೊಟ್ಟ ಹಳೆ ಸೀರೆಯುಟ್ಟು ಸಿದ್ದ ರಂಗಕ್ಕೆ ಬಂದ. ಕೂರುವ ಮುನ್ನ ಎಡಕ್ಕೊಮ್ಮೆ ನೋಡಿದ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಅಲ್ಲಿ ಕೂತವಳು ನಾನು! ಪಕ್ಕದಲ್ಲಿದ್ದ ಅಮ್ಮ ಮೆಲ್ಲಗೆ ನನ್ನ ಕೈ ಮುಟ್ಟಿ, ನಾನಿಲ್ಲೇ ಇದ್ದೇನೆಯೇ ಎಂದು ನೋಡಿಕೊಂಡಳು.

"ತಲೆ ಬಾಗಿಸು!" ಎಂದಳು ರಾಣಿ. ಧ್ವನಿ ನನ್ನದೇ, ನಾನೆಂದೂ ಏರಿಸದಷ್ಟು ಎತ್ತರ. ಮಂತ್ರಿಯಾಗಿದ್ದ ಪಟೇಲರ ಮಗ, ತರಗತಿಯಲ್ಲಿ ಸಿದ್ದನ ಬೆಂಚಿಗೂ ತಾಗದವನು, ನಡುಗುತ್ತಾ ಬಾಗಿದ.

ಆಟ ಮುಗಿದ ಮೇಲೆ ಅವನು ಸಿದ್ದನನ್ನು ಅಡ್ಡಗಟ್ಟಿದ. "ನಾ ಬಗ್ಗಿದ್ದು ರಾಣಿಗೆ ಕಣ್ಲಾ, ನಿಂಗಲ್ಲ."

ಸಿದ್ದ ಬಣ್ಣ ತೊಳೆದು ಅಂಗಿ ತೊಟ್ಟಿದ್ದ. "ಗೊತ್ತು ಬುದ್ದಿ. ಆದ್ರೆ ಅವ್ಳಿನ್ನೂ ಓಗಿಲ್ವಲ್ಲ," ಎಂದ, ನನ್ನ ಧ್ವನಿಯಲ್ಲೇ. ಪಟೇಲರ ಮಗ ಕಾಲಿಗೆ ಬುದ್ಧಿ ಹೇಳಿದ.

ಬೇಸಿಗೆಯಲ್ಲಿ ಅಪ್ಪ, "ಓದಿದ್ದು ಸಾಕು, ಹೊಳೆನರಸೀಪುರದಿಂದ ಗಂಡಿನವರು ಬರ್ತಾರೆ," ಎಂದರು. ನನಗೆ ಓದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ. ಅಳು ಬರುವುದೆಂದು ಬಾಯಿ ತೆರೆದರೆ, ಬಂದದ್ದು ರಾಣಿಯ ಧ್ವನಿ.

"ಬರೋದು ಬೇಡ ಅನ್ನಿ. ನಾನು ಓದ್ತೀನಿ!"

ಹಾಡುಹಗಲಲ್ಲಿ ಅಜ್ಜಿ ಬೆಚ್ಚಿ ಅಂಗಳದ ಕಡೆ ತಿರುಗಿದರು, ಸಿದ್ದ ನಿಲ್ಲುತ್ತಿದ್ದ ಜಾಗಕ್ಕೆ. ಅಲ್ಲಿ ಯಾರೂ ಇರಲಿಲ್ಲ. ಅಪ್ಪ ನನ್ನನ್ನೇ ದಿಟ್ಟಿಸಿ, ಬೆವರೊರೆಸಿಕೊಂಡು, "ಆಯ್ತಮ್ಮ," ಎಂದರು.

ಶಾಲೆ ಶುರುವಾದಾಗ ಸಿದ್ದನಿಗೆ ಮೀಸೆ ಚಿಗುರಿತ್ತು, ದನಿ ಒಡೆದಿತ್ತು. "ಅಮ್ಮೋರೆ, ರಾಣಿ ನನ್ ಬುಟ್ಟು ಒಂಟೋದ್ಲು. ಅವ್ಳಿದ್ದಾಗ್ಲೇ ನಾನು ನಾನಾಗಿದ್ದೆ. ನಿಮ್ತಾವ ಬಂದವ್ಳಾ?"

ಹೂಂ ಎಂದೆ. ಅವನು ಕಣ್ಣೊರೆಸಿಕೊಂಡು, "ಅಂಗಳದಾಗೆ ನಿಲ್ಲಿಸ್ಬ್ಯಾಡಿ," ಎಂದ.

ಇಂದಿಗೂ ನಿಲ್ಲಿಸಿಲ್ಲ. ಆದರೆ ಗದರಿದಾಗಲೆಲ್ಲ ಒಮ್ಮೆ ಅಂಗಳ ನೋಡುತ್ತೇನೆ, ಸಿದ್ದ ತನ್ನ ರಾಣಿಯನ್ನು ಮರಳಿ ಕೇಳಲು ಬಂದಿರಬಹುದೇ ಎಂದು.