ಮಕ್ದೊಕ್ ಉಳಿಸಿದ ಕೊಕ್ಕರೆಗಳು

ಹೂಜಿಯ ಮೈಮೇಲೆ ಕೊಕ್ಕರೆ ಕೊರೆಯುವುದರಲ್ಲಿ ತಾಮ್ಜಿನ್ ಊರಿನ ಕುಂಬಾರರ ಆವಿಗೆಯಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ಮೊನ್ನೆಯವರೆಗೂ ಬೀಗುತ್ತಿದ್ದೆ. ನಾನು ಕೊರೆದ ಗೆರೆಗಳಿಗೆ ಬಿಳಿ ಮಣ್ಣು ಮೆತ್ತಿ, ಅದು ಆರಿದ ಮೇಲೆ ಹೆಚ್ಚಾದದ್ದನ್ನು ಕೆರೆದು ಚಿತ್ರವನ್ನು ಹೊರಗೆ ತೆಗೆಯುವವಳು ಮಕ್ದೊಕ್. ಹತ್ತು ವರ್ಷ ನನ್ನ ಪಕ್ಕದಲ್ಲೇ ಕೂತ ಆ ವಿಧವೆಗೆ ನಾನು ಕೊಟ್ಟದ್ದು ಬೈಗುಳ ಮಾತ್ರ.

"ಬೇಗ ಕೆರಿಯೇ, ಬಸವನಹುಳು!"

"ಬೇಗ ಹೋದ್ರೆ ನಿಮ್ಮ ಕೊಕ್ಕರೆ ನನ್ನ ನುಂಗ್ಬಿಡುತ್ತೆ ಅಣ್ಣ," ಎಂದು ನಗುತ್ತಿದ್ದಳು.

ಮೊನ್ನೆ ಅವಳು ಜ್ವರ ಬಂದು ಮಲಗಿದಳು. ಅರಮನೆಗೆ ಹೋಗಬೇಕಾದ ಹೂಜಿಯನ್ನು ಕೆರೆಯಲು ನಾನೇ ಕೂತೆ. ಗೆರೆ ಆಳವಾಗಿದ್ದರೆ ಎಷ್ಟು ಕೆರೆದರೂ ಚಿತ್ರ ಅಳಿಸುವುದಿಲ್ಲ. ಆದರೆ ನಾಲ್ಕು ಸಲ ಕೆರೆಯುವಷ್ಟರಲ್ಲಿ ಬಿಳಿ ಪುಡಿಯ ಜೊತೆಗೆ ಕೊಕ್ಕರೆಗಳೂ ನನ್ನ ಮಡಿಲಿಗೆ ಉದುರಿದವು. ನನ್ನ ಕೈಯ ಕಸುವು ಹೋಗಿ ಗೆರೆಗಳು ಆಳಕ್ಕಿಳಿದಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಗಂಜಿ ಹಿಡಿದುಕೊಂಡು ಅವಳ ಮನೆಗೆ ಹೋದೆ.

"ನನ್ನ ಗೆರೆ ಎಷ್ಟು ದಿನದಿಂದ ಹಿಂಗೆ ಮೇಲ್ಮೇಲೆ ಬೀಳ್ತಿದೆ?"

"ಮೂರು ವರ್ಷ ಆಯ್ತು. ಅದಕ್ಕೇ ಅಷ್ಟು ಮೆಲ್ಲಗೆ ಕೆರೀತಿದ್ದೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀವು ಉಳಿ ಕೆಳಗಿಟ್ಬಿಡ್ತಿದ್ರಿ. ಆಮೇಲೆ ನಾನು ಯಾರ ಹತ್ರ ಬೈಸ್ಕೊಳ್ಲಿ?" ಎಂದು ಗಂಜಿ ಬಾಯಿಗಿಟ್ಟು, "ಇದಕ್ಕೆ ಉಪ್ಪೇ ಹಾಕಿಲ್ಲ," ಎಂದು ಮುಖ ಕಿವುಚಿದಳು.

ಇಂದು ಬೆಳಿಗ್ಗೆ ಕೆಲಸಕ್ಕೆ ಬಂದಳು. ಹೊಸ ಹೂಜಿಯನ್ನು ಎರಡೂ ಕೈಯಲ್ಲಿ ಅವಳ ಮುಂದಿಟ್ಟೆ. ಬೈಗುಳಕ್ಕೆ ಕಾಯುತ್ತಾ ನನ್ನನ್ನೇ ನೋಡಿದಳು.

"ನಿಧಾನಕ್ಕೆ ಮಾಡಮ್ಮ," ಎಂದೆ.