ಮೂವತ್ತೆಂಟು ಡಿಗ್ರಿಯ ಮಜ್ಜಿಗೆ

ಡಿಸ್‌ಪ್ಲೇಯಲ್ಲಿ 38.0 ಎಂದಿತ್ತು. ಅಜ್ಜಿ ಎಡ ಮೊಣಕೈಯನ್ನು ನೀರಿಗೆ ಅದ್ದಿ, ಎರಡೇ ಸೆಕೆಂಡಿಗೆ ಹೊರತೆಗೆದು, ಸೆರಗಿನಿಂದ ಒರೆಸಿಕೊಂಡು ತೀರ್ಪು ಕೊಟ್ಟರು.

"ಮಜ್ಜಿಗೆ."

ಇನ್ನೊಂದು ಸಲ ನೋಡಿ ಅಜ್ಜಿ, ಸರಿಯಾಗಿ ಮೂವತ್ತೆಂಟಿದೆ ಎಂದೆ. ಅವರು ಡಿಸ್‌ಪ್ಲೇಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮದುವೆಮನೆಯಲ್ಲಿ ಆರಿದ ಅನ್ನ ಬಡಿಸಿದವರನ್ನು ನೋಡುವ ನೋಟ. ಆಮೇಲೆ ಮಂಡಿ ಹಿಡಿದುಕೊಂಡು ಲಿಫ್ಟಿನಲ್ಲಿ ಕೆಳಗೆ ಹೋದರು.

ಹೀಗೆ ಹೋಗುತ್ತಿದ್ದದ್ದು ಅದು ಹನ್ನೊಂದನೆಯ ದಿನ. ಮೊದಲ ದಿನ ಬರೀ "ಬೆಚ್ಚಗಿಲ್ಲ" ಎಂದಿದ್ದರು. ನಂತರ ಅದು ಕೆರೆನೀರಾಯಿತು, ಎಳನೀರಾಯಿತು. ಈಗ ಮಜ್ಜಿಗೆಗೆ ಇಳಿದಿತ್ತು.

ನಾನಿರುವುದು ಬ್ರೂಕ್‌ಫೀಲ್ಡ್‌ನ ನಾಲ್ಕಂತಸ್ತಿನ ಕಟ್ಟಡವೊಂದರ ತಾರಸಿಯಲ್ಲಿ. ಒಂದು ರೂಮು, ಪಕ್ಕದಲ್ಲಿ ನೀರಿನ ಟ್ಯಾಂಕು, ಮೇಲೆ ಆಕಾಶ. ಮಾತಾಡಿಸುವವರು ಯಾರೂ ಇಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡ ಮನೆ. (ಈ ಅಂಕಣ ಓದುವವರಿಗೆ ಗೊತ್ತು, ನಾನು ಸ್ವಂತ ಅಕ್ಕನ ಮದುವೆಯಲ್ಲೂ ಕಂಬದ ಹಿಂದಿನ ಕುರ್ಚಿ ಹುಡುಕಿದವಳು.) ಬೆಳಿಗ್ಗೆ ಕಾಫಿ ಲೋಟ ಹಿಡಿದು, ಯಾರಿಗೂ ಗುಡ್ ಮಾರ್ನಿಂಗ್ ಹೇಳದೆ, ಅರ್ಧ ಗಂಟೆ ನಿಲ್ಲಬಹುದಾದ ಜಾಗಗಳು ಈ ಊರಿನಲ್ಲಿ ಎಷ್ಟಿವೆ ಹೇಳಿ? ನನ್ನ ಬಳಿ ಎರಡು ವರ್ಷ ಅಂಥದ್ದೊಂದು ಇತ್ತು.

ಆಯುಧಪೂಜೆಗೆ ಎರಡು ದಿನ ಮೊದಲು ಅಲ್ಲಿಗೆ ಹಾಟ್ ಟಬ್ ಬಂತು.

ನಮ್ಮ ಓನರ್ ಮುನಿರಾಜಣ್ಣ ಈ ಏರಿಯಾ ಹೊಲವಾಗಿದ್ದಾಗಿನಿಂದ ಇಲ್ಲಿನವರು. ಮೊದಲು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮಂಥ ಬಾಡಿಗೆದಾರರನ್ನು ಬೆಳೆಯುತ್ತಾರೆ. ಅಜ್ಜಿ ಅವರ ತಾಯಿ. ಅಜ್ಜಿಗೆ ಮಂಡಿನೋವು. ದಿನಕ್ಕೆ ಇಪ್ಪತ್ತು ನಿಮಿಷ, ಮೂವತ್ತೆಂಟು ಡಿಗ್ರಿ ನೀರಿನಲ್ಲಿ ಕಾಲು ಮುಳುಗಿಸಿ ಕೂತರೆ ಒಳ್ಳೆಯದು ಎಂದು ಫಿಸಿಯೋಥೆರಪಿ ಡಾಕ್ಟರು ಹೇಳಿದ್ದರು. ಬೇರೆಯವರಾಗಿದ್ದರೆ ದೊಡ್ಡ ಬಕೆಟ್ ತರುತ್ತಿದ್ದರು. ಮುನಿರಾಜಣ್ಣ ಕ್ರೇನ್ ತಂದರು.

ವೈಟ್‌ಫೀಲ್ಡ್ ಕಡೆ ಯಾರೋ ವಿಲ್ಲಾ ಖಾಲಿ ಮಾಡುವಾಗ ಬಿಟ್ಟುಕೊಟ್ಟ, ಆರು ಜನ ಕೂರುವ, ನೀರನ್ನು ತಾನೇ ಕಾಯಿಸಿ ಸುತ್ತಿಸುವ ಟಬ್ಬು ಅದು. ಕರೆಂಟ್ ತಂತಿಗಳ ಮೇಲೆ ತೇಲಿಕೊಂಡು ಬಂತು. ಇಡೀ ಬೀದಿ ತಲೆ ಎತ್ತಿ ನಿಂತಿತ್ತು. ಆಫೀಸ್ ಕ್ಯಾಬಿಗೆ ಕಾಯುತ್ತಿದ್ದವರು ವಿಡಿಯೋ ಮಾಡಿಕೊಂಡರು. ಟಬ್ಬು ಇಳಿದದ್ದು ನನ್ನ ಬಾಗಿಲಿನಿಂದ ಆರು ಅಡಿ ದೂರಕ್ಕೆ. (ಅಳೆದಿದ್ದೇನೆ. ಐದು ಅಡಿ ಹತ್ತು ಇಂಚು.)

ಆಯುಧಪೂಜೆಯ ದಿನ ಮನೆಯ ಕಾರು, ಸ್ಕೂಟರು, ಬೋರ್‌ವೆಲ್ ಮೋಟಾರು, ಮಿಕ್ಸಿ, ಲಿಫ್ಟುಗಳ ಜೊತೆಗೆ ಟಬ್ಬಿಗೂ ಪೂಜೆಯಾಯಿತು. ಅದೂ ಮೆಷೀನೇ ತಾನೆ? ಓನರ್ ಹೆಂಡತಿ ಸರೋಜಕ್ಕ ಅದರ ಸುತ್ತ ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ ಇಳಿಬಿಟ್ಟು, ನಾಲ್ಕು ಕಡೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ನೀರು ತುಂಬಿಸಿ ಸ್ವಿಚ್ ಹಾಕಿಸಿದರು. ನಾನು ಪ್ರಸಾದ ತೆಗೆದುಕೊಂಡು ಬಾಗಿಲು ಹಾಕಿಕೊಂಡೆ.

ಹಾಕಿಕೊಂಡ ಬಾಗಿಲನ್ನು ಮುನಿರಾಜಣ್ಣ ಹತ್ತು ನಿಮಿಷದಲ್ಲಿ ತಟ್ಟಿದರು.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಕು. ನಾನು ಕೆಲಸ ಮಾಡುವುದು ಒಂದು ಸಣ್ಣ ಲ್ಯಾಬಿನಲ್ಲಿ. ಫ್ಯಾಕ್ಟರಿಗಳಿಂದ, ಆಸ್ಪತ್ರೆಗಳಿಂದ ಥರ್ಮಾಮೀಟರ್‌ಗಳು ಬರುತ್ತವೆ. ಅವು ನಿಜ ಹೇಳುತ್ತಿವೆಯೇ, ಸುಳ್ಳು ಹೇಳುತ್ತಿವೆಯೇ, ಸುಳ್ಳಾದರೆ ಎಷ್ಟು ಸುಳ್ಳು ಎಂದು ನೋಡಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಬಾಡಿಗೆ ಕರಾರಿನಲ್ಲಿ ಉದ್ಯೋಗದ ಕಾಲಂ ತುಂಬುವಾಗ ಇದನ್ನೆಲ್ಲ ವಿವರವಾಗಿ ಬರೆದದ್ದು ನನ್ನ ತಪ್ಪು.

"ಮೇಡಂ, ಟೆಂಪರೇಚರ್ ನೀವೇ ನೋಡ್ಕಂಬಿಡಿ. ನಿಮ್ದೇ ಲೈನ್ ಅಲ್ವಾ?" ಎಂದರು ಮುನಿರಾಜಣ್ಣ.

ಇಲ್ಲ ಎನ್ನುವುದು ಹೇಗೆ? ಅಂದೇ ವಾಟ್ಸಾಪಿನಲ್ಲಿ 'ಅಮ್ಮನ ಬಿಸಿನೀರು' ಎಂಬ ಗ್ರೂಪ್ ಹುಟ್ಟಿತು. ಹದಿನಾಲ್ಕು ಜನ. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ನಾನು ಡಿಸ್‌ಪ್ಲೇ ನೋಡಿ ಅಂಕಿ ಹಾಕಬೇಕು. ಹಾಕಿದ ಕೂಡಲೇ ಹೆಬ್ಬೆರಳುಗಳು, ಗುಲಾಬಿಗಳು, ಮುಗಿದ ಕೈಗಳು. ಒಂದು ಸಂಜೆ ಕರೆಂಟ್ ಹೋಗಿ ಬಂದು 37.5 ಎಂದು ಹಾಕಿದ್ದಕ್ಕೆ ನಾನು ನೋಡೇ ಇರದ, ಮುನಿರಾಜಣ್ಣನ ಚಿಕ್ಕಪ್ಪನೊಬ್ಬರು ಫೋನ್ ಮಾಡಿ, ಅರ್ಧ ಡಿಗ್ರಿ ಎಲ್ಲಿ ಹೋಯಿತು ಎಂದು ವಿಚಾರಿಸಿದರು. ಬೀದಿಯ ಇಸ್ತ್ರಿ ಅಂಗಡಿಯವರು ನನ್ನನ್ನು ಟೆಂಪರೇಚರ್ ಮೇಡಂ ಎಂದು ಕರೆಯತೊಡಗಿದರು.

ನೀರಿನ ಬಿಸಿ ಉಳಿಯಬೇಕಾದರೆ ಟಬ್ಬಿನ ದಪ್ಪ ಮುಚ್ಚಳ ಸದಾ ಮುಚ್ಚಿರಬೇಕು. ಇದನ್ನು ನಾನು ಗ್ರೂಪಿನಲ್ಲಿ ಬರೆದೆ. ಸರೋಜಕ್ಕ ತಕ್ಷಣ ಒಪ್ಪಿದರು. ಇಷ್ಟು ಸಮತಟ್ಟಾದ, ಇಷ್ಟು ಬಿಸಿಲು ಬೀಳುವ ಜಾಗ ಇಡೀ ಮನೆಯಲ್ಲಿರಲಿಲ್ಲ. ಮಾರನೆಯ ದಿನದಿಂದ ಮುಚ್ಚಳದ ಮೇಲೆ ಸಂಡಿಗೆ. ಸಂಡಿಗೆ ಒಣಗುವವರೆಗೆ ಮುಚ್ಚಳ ತೆಗೆಯುವಂತಿಲ್ಲ. ಹಾಗಾಗಿ ಅಜ್ಜಿಯ ಮೊಣಕೈ ಪರೀಕ್ಷೆ ಬೆಳಗಿನ ಒಂಬತ್ತರೊಳಗೆ ಮುಗಿಯಬೇಕು ಎಂಬ ನಿಯಮ ಬಂತು. ಪಾಲನೆಯಾಯಿತು. ಅಜ್ಜಿ ಮಾತ್ರ ನೀರಿಗಿಳಿಯಲಿಲ್ಲ.

ಅಜ್ಜಿಯ ಮೊಣಕೈ ಸಾಮಾನ್ಯದ್ದಲ್ಲ ಎಂದು ಸರೋಜಕ್ಕ ನನಗೆ ಹೇಳಿದ್ದರು. ಈ ಊರಿನ ಅರ್ಧ ಜನಕ್ಕೆ ಎಳೆಗೂಸಾಗಿದ್ದಾಗ ನೀರು ಹಾಕಿದವರು ಅವರೇ. ಹಂಡೆಯಿಂದ ಒಂದು ಚೊಂಬು ಬಿಸಿನೀರು, ಒಂದು ಚೊಂಬು ತಣ್ಣೀರು ಬೆರೆಸಿ, ಮೊಣಕೈ ಅದ್ದಿ, ಹದ ಬಂತು ಎಂದ ಮೇಲೇ ಕೂಸು ಕಾಲ ಮೇಲೆ ಮಲಗುತ್ತಿತ್ತು. ನಾನು ತಲೆಯಾಡಿಸಿದೆ. ಗೌರವದಿಂದಲೇ. ಆದರೆ ಒಳಗೊಳಗೆ, ಮೊಣಕೈಗೆ ದಶಾಂಶವಿಲ್ಲ ಎಂದುಕೊಂಡೆ.

ಶುಕ್ರವಾರ ಗ್ರೂಪಿನಲ್ಲಿ ಹೊಸಕೋಟೆಯಿಂದ ಮುನಿರಾಜಣ್ಣನ ತಂಗಿ ಪ್ರೇಮಕ್ಕನ ವಾಯ್ಸ್ ಮೆಸೇಜ್ ಬಂತು. "ಅಮ್ಮ ಇಳೀತಿಲ್ಲ ಅಂದ್ಮೇಲೆ ಅದ್ಯಾಕಣ್ಣ ಅಲ್ಲಿ? ಭಾನುವಾರ ಕ್ರೇನ್ ಹೇಳ್ಬಿಡು, ನಮ್ ತೋಟದ ಮನೇಲಿ ಇಳಿಸ್ಕೊತೀವಿ. ನಮ್ ಮಕ್ಳಾದ್ರೂ ಆಡ್ಕೊತವೆ."

ಮುನಿರಾಜಣ್ಣ 'ಸರಿ' ಎಂದಷ್ಟೇ ಟೈಪ್ ಮಾಡಿದರು. ಸಂಜೆ ತಾರಸಿಗೆ ಬಂದು, ಸಂಡಿಗೆ ಸರಿಸಿ, ಮುಚ್ಚಳದ ಅಂಚಿನಲ್ಲಿ ಕೂತರು.

"ಒಂದ್ಸಲ ಇಳಿದಿದ್ರೆ ಸಾಕಿತ್ತು ಮೇಡಂ. ನಂಗೆ ಹತ್ತು ವರ್ಷ ಆಗೋಗಂಟ ನೀರು ಕಾಯ್ಸಿ ಹಾಕ್ದೋಳು ಅವ್ಳು. ನಾನು ಒಂದ್ಸಲ ಕಾಯ್ಸಣ ಅಂದ್ರೆ, ಮಜ್ಜಿಗೆ ಅಂತಾಳೆ."

ನಾನು ಪಾಪ ಎಂದೆ. ನಿಜವಾಗಿ ಪಾಪ ಅನ್ನಿಸಿತು. ಆದರೆ ರೂಮಿಗೆ ಬಂದು ಬಾಗಿಲು ಹಾಕಿದ ಮೇಲೆ ನನ್ನ ಮುಖದಲ್ಲಿ ಇದ್ದದ್ದು ಬೇರೆ. ಭಾನುವಾರ ಟಬ್ಬು ಹೋಗುತ್ತದೆ. ಗ್ರೂಪ್ ಹೋಗುತ್ತದೆ. ಚಿಕ್ಕಪ್ಪ ಹೋಗುತ್ತಾರೆ. ತಾರಸಿ ನನ್ನದಾಗುತ್ತದೆ. ಇನ್ನೆರಡು ದಿನ ಅಷ್ಟೇ.

ಶನಿವಾರ ಬೆಳಿಗ್ಗೆ ಅಜ್ಜಿ ಮಜ್ಜಿಗೆ ಎಂದು ಲಿಫ್ಟಿನಲ್ಲಿ ಇಳಿದುಹೋದಾಗ, ಇಷ್ಟಕ್ಕೆ ಸುಮ್ಮನಿರಬಹುದಿತ್ತು. ನನಗೆ ಆಗಲಿಲ್ಲ. ನಾಲ್ಕು ವರ್ಷದಿಂದ ಡಿಗ್ರಿಗಳಿಗೆ ಸಹಿ ಹಾಕುವವಳಿಗೆ ಮಜ್ಜಿಗೆ ಎಂದರೆ? ನನ್ನ ಹತ್ತಿರ ಒಂದು ಪುಟ್ಟ ಥರ್ಮಾಮೀಟರ್ ಇದೆ. ಹಾಲಿಗೆ ಹೆಪ್ಪು ಹಾಕುವಾಗ ಬಳಸುತ್ತೇನೆ. (ನಗಬೇಡಿ, ನನ್ನ ಮೊಸರು ಯಾವತ್ತೂ ಕೈಕೊಟ್ಟಿಲ್ಲ.) ಲ್ಯಾಬಿನಲ್ಲಿ ನಾನೇ ಪರೀಕ್ಷಿಸಿದ್ದು. ತಂದು ಟಬ್ಬಿನ ನಡುವೆ ಅದ್ದಿದೆ.

34.0.

ಕಲಕಿ ನೋಡಿದೆ. 33.9. ಇನ್ನೊಂದು ಮೂಲೆಯಲ್ಲಿ 34.1. ಬಿಸಿನೀರು ಹೊರಬರುವ ಸಣ್ಣ ತೂತಿನ ಬಾಯಲ್ಲಿ ಮಾತ್ರ 38.0. ಟಬ್ಬಿನ ಸೆನ್ಸರ್ ಇದ್ದದ್ದು ಅಲ್ಲೇ. ಅದು ತನ್ನ ಮೂಗಿನ ಮುಂದಿನ ನೀರಿನ ಸುದ್ದಿಯನ್ನು ಇಡೀ ಟಬ್ಬಿನ ಸುದ್ದಿ ಎಂದು ಹೇಳುತ್ತಿತ್ತು. ನಾನು ಅದನ್ನು ದಿನಕ್ಕೆರಡು ಸಲ ಹದಿನಾಲ್ಕು ಜನಕ್ಕೆ ತಲುಪಿಸುತ್ತಿದ್ದೆ.

ಲ್ಯಾಬಿನಲ್ಲಿ ಯಾವ ಡಿಸ್‌ಪ್ಲೇಯನ್ನೂ ನಂಬದವಳು ಮನೆಯಲ್ಲಿ ಹನ್ನೊಂದು ದಿನ ಕಣ್ಣುಮುಚ್ಚಿ ನಂಬಿದ್ದೆ. ಯಾಕೆ? ಬೇಗ ಅಂಕಿ ಹಾಕಿ ಬಾಗಿಲು ಹಾಕಿಕೊಳ್ಳುವ ಆತುರ. ಮುನಿರಾಜಣ್ಣನೂ ದಿನಾ ಕೈ ಅದ್ದಿ "ಸಕ್ಕತ್ತಾಗಿದೆ" ಎನ್ನುತ್ತಿದ್ದರಲ್ಲ? ಮೊದಲು ಅಂಕಿ ನೋಡಿ ಆಮೇಲೆ ಕೈ ಅದ್ದಿದರೆ, ಕೈ ಯಾವತ್ತೂ ಅಂಕಿಯ ಪರ. ನನ್ನ ಸಹೋದ್ಯೋಗಿಯೊಬ್ಬಳು ಬೆಳಿಗ್ಗೆ ಎದ್ದು, ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೈಗಡಿಯಾರವನ್ನು ಕೇಳುತ್ತಾಳೆ. ಅದು ಇಲ್ಲ ಎಂದರೆ ಅವತ್ತಿಡೀ ಆಕಳಿಸುತ್ತಾಳೆ. ನಾವೆಲ್ಲ ಅಷ್ಟೇ. ಅಜ್ಜಿಗೆ ಮಾತ್ರ ಚಾಳೀಸು ಇಲ್ಲದೆ ಅಂಕಿ ಕಾಣುತ್ತಿರಲಿಲ್ಲ.

ಈಗ ನನ್ನ ಸಮಸ್ಯೆ ನೋಡಿ. ನಿಜ ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ನೀರು ಸರಿಯಾಗುತ್ತದೆ, ಅಜ್ಜಿ ಇಳಿಯುತ್ತಾರೆ, ಟಬ್ಬು ಉಳಿಯುತ್ತದೆ, ತಾರಸಿ ಹೋಗುತ್ತದೆ. ಹೇಳದಿದ್ದರೆ ಮರುದಿನ ಹತ್ತು ಗಂಟೆಗೆ ಕ್ರೇನ್.

ಯಾರೂ ನನಗೆ ಸುಳ್ಳು ಹೇಳು ಎಂದಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದಂತೂ ನನ್ನ ಜೀವಮಾನದ ಅಭ್ಯಾಸ.

ಲ್ಯಾಬಿಗೆ ಬರುವ ಕೆಲವರು ರಿಪೋರ್ಟ್ ನೋಡಿ, "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನುತ್ತಾರೆ. ಅವರಿಗೆ ಅರ್ಧ ಡಿಗ್ರಿ ಸಾಕು. ನಾನು ಯಾವತ್ತೂ ಮಾಡಿಲ್ಲ. ಈಗ ನನಗೇ ನಾಲ್ಕು ಡಿಗ್ರಿ ಅಡ್ಜಸ್ಟ್ ಬೇಕಾಗಿತ್ತು. ಬಟ್ಟೆ ಒಗೆದೆ. ಕಪಾಟು ಜೋಡಿಸಿದೆ. ಜೋಡಿಸಿದ ಕಪಾಟನ್ನು ಇನ್ನೊಂದು ಸಲ ಜೋಡಿಸಿದೆ. ಸಂಜೆ ಆರಾಯಿತು. ಗ್ರೂಪ್ ತೆರೆದು '38.0' ಎಂದು ಟೈಪ್ ಮಾಡಿದೆ. ಅಳಿಸಿದೆ. 'ಡಿಸ್‌ಪ್ಲೇ ಪ್ರಕಾರ 38.0' ಎಂದು ಟೈಪ್ ಮಾಡಿದೆ. ಅದು ಸುಳ್ಳಲ್ಲ. ಅದನ್ನೂ ಅಳಿಸಿದೆ. ಸುಳ್ಳಲ್ಲದ ಮಾತಿನಲ್ಲೂ ಇಷ್ಟು ವಾಸನೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಚ್ಚಳದ ಅಂಚಿನಲ್ಲಿ ಕೂತಿದ್ದ ಮುನಿರಾಜಣ್ಣನ ಬೆನ್ನು ಬೇರೆ ನೆನಪಾಗುತ್ತಿತ್ತು.

ಆರು ಗಂಟೆ ಹದಿನೆಂಟು ನಿಮಿಷಕ್ಕೆ ಕಳಿಸಿದೆ. 'ನೀರು 34.0 ಇದೆ. ಇಷ್ಟು ದಿನ ನಾನು ಹಾಕಿದ್ದು ತಪ್ಪು. ಅಜ್ಜಿ ಹೇಳಿದ್ದು ಸರಿ.'

ಗ್ರೂಪಿನಲ್ಲಿ ಗುಲಾಬಿ ಬರಲಿಲ್ಲ. ಮುನಿರಾಜಣ್ಣ ಬಂದರು, ಲಿಫ್ಟಿಗೂ ಕಾಯದೆ, ನಾಲ್ಕು ಮಹಡಿ ಹತ್ತಿಕೊಂಡು. ಹಿಂದೆ ಸರೋಜಕ್ಕ.

ನೀರು ಸರಿಯಾಗಿ ಸುತ್ತುತ್ತಿಲ್ಲ, ಫಿಲ್ಟರ್ ನೋಡಬೇಕು ಎಂದೆ. ಮುನಿರಾಜಣ್ಣ ಸ್ವಿಚ್ ಆರಿಸಿ, ಫಿಲ್ಟರಿನ ಮುಚ್ಚಳ ತಿರುಗಿಸಿ ಎಳೆದರು. ಬಂದದ್ದು ಫಿಲ್ಟರ್ ಅಲ್ಲ, ಹೆಚ್ಚುಕಡಿಮೆ ಒಂದು ಮಂಟಪ. ಸುತ್ತಲೂ ಒತ್ತಾಗಿ ಅಂಟಿದ ಚೆಂಡುಹೂವಿನ ಎಸಳುಗಳು, ಅದರ ಮೇಲೆ ಅರಿಶಿನದ ಲೇಪ, ಒಂದು ಇಡೀ ವೀಳ್ಯದೆಲೆ, ಅರ್ಧ ನಿಂಬೆಹಣ್ಣು.

ಮುನಿರಾಜಣ್ಣ ಅದನ್ನು ಹೆಂಡತಿಯ ಮುಂದೆ ಹಿಡಿದರು.

"ಪೂಜೆ ಮಾಡು ಅಂದ್ರೆ ಒಳಗೇ ಮಾಡ್ಬಿಟ್ಟಿದ್ದೀಯಲ್ಲೇ," ಎಂದರು ಮುನಿರಾಜಣ್ಣ.

"ದೃಷ್ಟಿ ತಾಕ್ಬಾರ್ದು ಅಂತ ಕಣ್ರೀ. ಬೀದಿಯವ್ರೆಲ್ಲ ನೋಡಿರ್ಲಿಲ್ವಾ," ಎಂದರು ಸರೋಜಕ್ಕ.

ಫಿಲ್ಟರನ್ನು ಪೈಪಿನ ನೀರಿನಲ್ಲಿ ತೊಳೆದೆವು. ಎಸಳುಗಳನ್ನು ಸರೋಜಕ್ಕ ತುಳಸಿ ಕುಂಡಕ್ಕೆ ಹಾಕಿದರು, ಪೂಜೆಯದ್ದು ತುಳಿಯಬಾರದೆಂದು. ಬೆಳಗಾಗುವಷ್ಟರಲ್ಲಿ ಡಿಸ್‌ಪ್ಲೇ 38.0 ತೋರಿಸುತ್ತಿತ್ತು. ನನ್ನ ಥರ್ಮಾಮೀಟರ್ ನಾಲ್ಕು ಮೂಲೆಯಲ್ಲೂ 37.9.

ಭಾನುವಾರ ಒಂಬತ್ತೂವರೆಗೆ ತಾರಸಿಯಲ್ಲಿ ಗ್ರೂಪಿನ ಹದಿನಾಲ್ಕು ಜನವೂ ಇದ್ದರು. ಪ್ರೇಮಕ್ಕ ಟಬ್ಬು ಕಟ್ಟಲು ಹಳೇ ಚಾಪೆಗಳನ್ನು ತಂದಿದ್ದರು. ಅಜ್ಜಿಯ ತೀರ್ಪು ಬರುವ ಮೊದಲು ಕ್ರೇನ್ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಡ್ರೈವರ್ ಕೆಳಗೆ ಹಾರ್ನ್ ಮಾಡುತ್ತಿದ್ದರು. ಅಜ್ಜಿ ಲಿಫ್ಟಿನಿಂದ ಬಂದರು. ನಾನು ಬಾಗಿಲ ಬಳಿ ನಿಂತು, ಇಳಿಯಲಿ ಎಂದುಕೊಂಡೆ. ಇಳಿಯದಿರಲಿ ಎಂದೂ ಅಂದುಕೊಂಡೆ. ಎರಡೂ ನಿಜ.

ಮೊಣಕೈ ಅದ್ದಿದರು. ಎರಡು ಸೆಕೆಂಡು. ಐದು ಸೆಕೆಂಡು. ತೆಗೆಯಲೇ ಇಲ್ಲ.

"ಹೂಂ, ಈಗ ಹದ ಐತೆ," ಎಂದರು.

ಸೀರೆ ಸಮೇತ, ಮಗನ ಹೆಗಲು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಕೂತರು. ನೀರು ಮಂಡಿ ದಾಟಿ ಸೊಂಟದವರೆಗೆ ಬಂತು. ಕಣ್ಣು ಮುಚ್ಚಿಕೊಂಡರು. ಮುನಿರಾಜಣ್ಣ ಟ್ಯಾಂಕಿನ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದರು.

ನಾನು ಹತ್ತಿರ ಹೋಗಿ ಕ್ಷಮೆ ಕೇಳಿದೆ. ಫಿಲ್ಟರಿನಲ್ಲಿ ಹೂವು ಸಿಕ್ಕಿಕೊಂಡಿತ್ತು ಅಜ್ಜಿ, ಅದಕ್ಕೇ ಮೆಷೀನು ತಪ್ಪು ತೋರಿಸಿತು ಎಂದೆ. ಅವರು ಕಣ್ಣು ತೆರೆಯದೆ ಹೇಳಿದರು, "ನನ್ ಮೊಣಕೈಯೊಳಗೆ ಹೂವ ಸಿಕ್ಕಾಕ್ಕೊಳ್ಳಕಿಲ್ಲ ಕಣ್ ಮಗ."

ಇಪ್ಪತ್ತು ನಿಮಿಷ ಎಂದಿದ್ದರು ಡಾಕ್ಟರು. ಅಜ್ಜಿ ಐವತ್ತು ನಿಮಿಷ ಕೂತರು. ಆಮೇಲೆ ಪ್ರೇಮಕ್ಕ, ಸುಮ್ಮನೆ ನೋಡೋಣ ಎಂದು ಕಾಲು ಇಳಿಬಿಟ್ಟವರು, ಪೂರ್ತಿ ಇಳಿದರು. ನಂತರ ಅವರ ಚಿಕ್ಕಮ್ಮ, ಚಿಕ್ಕಮ್ಮನ ನಾದಿನಿ. ಅರ್ಧ ಡಿಗ್ರಿಯ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಸರದಿಯಲ್ಲಿ ನಿಂತರು. ಕ್ರೇನ್ ಡ್ರೈವರ್ ಮೇಲೆ ಬಂದು, ಕಾಫಿ ಕುಡಿದು, ಸ್ವಲ್ಪ ಹೊತ್ತು ನೋಡಿ, ತಮ್ಮ ತಂದೆಗೂ ಮಂಡಿನೋವು ಎಂದರು. ಕರ್ಕೊಂಬಾ ಎಂದು ಅಜ್ಜಿ ನೀರೊಳಗಿಂದಲೇ ಅಪ್ಪಣೆ ಕೊಟ್ಟರು. ಇನ್ನು ದಿನಾ ಬೆಳಿಗ್ಗೆ ಆರೂವರೆಯಿಂದ, ಸಂಡಿಗೆಗೆ ಮೊದಲು, ಹೆಂಗಸರಿಗೆ ಎಂದು ಸರೋಜಕ್ಕ ಅಲ್ಲೇ ಟೈಮ್ ಟೇಬಲ್ ಮಾಡಿದರು. ಗ್ರೂಪಿನ ಸಂಖ್ಯೆ ಇಪ್ಪತ್ತೆರಡಾಯಿತು.

ಮರುದಿನ ಬೆಳಿಗ್ಗೆ ಆರೂವರೆಗೆ ಬಾಗಿಲಾಚೆ ನಾಲ್ಕು ಹೆಂಗಸರ ನಗು ಕೇಳಿಸಿತು. ನಾನು ಮುಖ ತೊಳೆದು, ತಲೆ ಬಾಚಿಕೊಂಡು, ಬೊಟ್ಟು ಇಟ್ಟುಕೊಂಡು, ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದೆ. ಹೀಗೆ ನೆಂಟರ ಮನೆಯಲ್ಲಿದ್ದಂತೆ ಸಿಂಗರಿಸಿಕೊಂಡು, ಎಲ್ಲರೆದುರೇ ಹಲ್ಲುಜ್ಜುವವಳನ್ನು ಬಾಡಿಗೆಯವಳು ಎನ್ನುತ್ತಾರೋ, ಮನೆಯವಳು ಎನ್ನುತ್ತಾರೋ?