ದ್ವಿತೀಯ ಬಹುಮಾನ

ರಾಜಧಾನಿಗೆ ಹತ್ತಿರದ ವಿಜಯಪುರದ ರೇಷ್ಮೆ ಮಿಷನ್ನುಗಳ ಸದ್ದಿನ ನಡುವೆ ಹಳೆಯ ಕಪ್, ಶೀಲ್ಡುಗಳಿಗೆ ಮರುಜನ್ಮ ಕೊಡುವ ರಿಪೇರಿಯವರೊಬ್ಬರಿದ್ದರು. ಹುಣಸೆಹಣ್ಣು ಹಚ್ಚುವ ಮುನ್ನ ಕನ್ನಡಕ ಏರಿಸಿ, ತೀರ್ಪು ಓದುವವರಂತೆ, "ಕೊಳೆ ತೆಗೀತೀನಿ, ಕತೆ ತೆಗಿಯಲ್ಲ" ಎನ್ನುತ್ತಿದ್ದರು.

ಏರ್‌ಪೋರ್ಟ್ ಬಂದ ಮೇಲೆ ಎದ್ದ ಹೋಟೆಲೊಂದರ ಮ್ಯಾನೇಜರು, ಗೋಡೆಯ ಅಲಂಕಾರಕ್ಕೆಂದು ಗುಜರಿಯಲ್ಲಿ ಕೊಂಡ ಹಿತ್ತಾಳೆಯ ಕಬಡ್ಡಿ ಶೀಲ್ಡು ತಂದರು.

"ಈ 'ದ್ವಿತೀಯ' ಅಳಿಸಿ 'ಪ್ರಥಮ' ಅಂತ ಕೆತ್ತಿಬಿಡಿ ಗುರು. ಇನ್ನೂ ಮೂವತ್ತು ಕಪ್ ನಿಮಗೇ ಕೊಡ್ತೀನಿ. ಯಾರಿಗ್ ಗೊತ್ತಾಗುತ್ತೆ?"

"ನಂಗ್ ಗೊತ್ತಲ್ಲ ಸ್ವಾಮಿ. ಆ ಫೈನಲ್‌ನಲ್ಲಿ ಕೊನೇ ರೈಡ್‌ಗೆ ಹೋಗಿ ಸಿಕ್ಕಾಕ್ಕೊಂಡೋನು ನಾನೇ."

ಶೀಲ್ಡನ್ನಷ್ಟೇ ಉಜ್ಜಿಸಿಕೊಂಡು ಹೋದ ಮ್ಯಾನೇಜರು ಮತ್ತೆ ಬರಲಿಲ್ಲ; ಮೂವತ್ತು ಕಪ್ಪುಗಳೂ ಬರಲಿಲ್ಲ.

ಒಮ್ಮೆ ಆ ಹೋಟೆಲಿಗೆ ಕಾಫಿಗೆ ಹೋಗಿದ್ದೆ. ಶೀಲ್ಡಿನ ಮೇಲಿದ್ದ ಊರಿನ ಹೆಸರು ಓದಲು ಹತ್ತಿರ ಹೋಗಬೇಕಿತ್ತು. 'ದ್ವಿತೀಯ' ಮಾತ್ರ ಬಾಗಿಲಿನಿಂದಲೇ ಕಾಣುವಂತೆ ಹೊಳೆಯುತ್ತಿತ್ತು.